ಅಮ್ಮಮ್ಮನ ತಿಥಿಗೆ ತರಕಾರಿ

ಬೆಳಗಿನ ಜಾವ ನಾಲ್ಕು ಗಂಟೆ. ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಆಗಲೇ ನಡುಹಗಲಿನ ಗದ್ದಲ. ತಲೆ ಮೇಲೆ ಸಿಂಬಿ, ಅದರ ಮೇಲೆ ಮೂಟೆ ಹೊತ್ತವರು ‘ವಳಿ, ವಳಿ’ ಎಂದು ಕೂಗುತ್ತ ನುಗ್ಗಿ ಬರುತ್ತಾರೆ. ಗೋಡೆಗೆ ಅಂಟಿ ದಾರಿ ಬಿಡಬೇಕಾದವರು ನಾವೇ. ಕಾಲಡಿಯಲ್ಲಿ ಕೋಸಿನ ಎಲೆ, ಜಜ್ಜಿಹೋದ ಟೊಮೆಟೊ, ಒದ್ದೆ ಹುಲ್ಲು. ಆ ಕೊಳೆತ ವಾಸನೆಯ ನಡುವೆಯೇ ಹೂವಿನ ಅಂಗಡಿಗಳ ಕಡೆಯಿಂದ ಮಲ್ಲಿಗೆ, ಮರುಗದ ಘಮ.

ನಾಳೆ ಅಮ್ಮಮ್ಮನ ತಿಥಿ. ಅಮ್ಮನ ಕೈಯಲ್ಲಿರುವ ಚೀಟಿ ಚಿಕ್ಕದು: ಬಾಳೆಕಾಯಿ, ಹಾಗಲ, ಪಡುವಲ, ಸುವರ್ಣಗಡ್ಡೆ, ಶುಂಠಿ, ಬಾಳೆಲೆ. ಬೀನ್ಸು, ಕ್ಯಾರೆಟ್ಟು, ಹೂಕೋಸು, ಟೊಮೆಟೊ ನಮ್ಮನೆಯ ತಿಥಿ ಅಡುಗೆಗೆ ಸಲ್ಲವು. ಕೋಲಾರ, ಮಾಲೂರು ಕಡೆಯಿಂದ ರಾತ್ರಿಯಿಡೀ ಲಾರಿಯಲ್ಲಿ ಬಂದ ಆ ರಾಶಿಗಳನ್ನೆಲ್ಲ ದಾಟಿ ಅಮ್ಮ ನೆಟ್ಟಗೆ ಬಾಳೆಲೆಯವನ ಮುಂದೆ ನಿಲ್ಲುತ್ತಾಳೆ.

ಅಮ್ಮಮ್ಮ ಕೋಟದ ಕಡೆಯವಳು. ಅಜ್ಜ ಜಾರ್ಜ್‌ಟೌನಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಆಗ ಸಗಟು ಪೇಟೆಯೆಂದರೆ ಕೊತ್ತವಾಲ್ ಚಾವಡಿ, ಮನೆಯಿಂದ ಕೂಗಳತೆ ದೂರ. ಹೊತ್ತೇರಿ ವ್ಯಾಪಾರ ಇಳಿದ ಮೇಲೆ ಅವಳು ಚೀಲ ಹಿಡಿದು ಹೊರಡುತ್ತಿದ್ದಳಂತೆ. ಉಳಿದದ್ದು ಅಗ್ಗಕ್ಕೆ ಸಿಗುವ ಹೊತ್ತು ಅದು. ಬೂದುಗುಂಬಳ ಸಿಕ್ಕ ವಾರ ತಾರಸಿ ತುಂಬ ಸಂಡಿಗೆ. ಬಾಳೆಕಾಯಿ ಸಿಕ್ಕ ವಾರ ಮೂರು ಹೊತ್ತೂ ಬಾಳೆಕಾಯಿ. ಅಡುಗೆಯವನ ಸಂಬಳದಲ್ಲಿ ಮಕ್ಕಳ ಓದು, ಮದುವೆ ಆದದ್ದು ಹೀಗೆ. ಅದನ್ನು ಬಡತನದ ಕತೆ ಮಾಡಿ ಹೇಳುವುದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ಇಕ್ಕಟ್ಟಿನ ಬೀದಿಗಳಿಂದ ಪೇಟೆ 1996ರಲ್ಲಿ ಕೋಯಂಬೇಡಿಗೆ ಬಂತು. ಕೆಲ ವರ್ಷಕ್ಕೆ ನಾವೂ ಪಕ್ಕದ ಅರುಂಬಾಕ್ಕಂಗೆ ಬಂದೆವು. 2002ರಲ್ಲಿ ಹೊರೂರ ಬಸ್‌ನಿಲ್ದಾಣವೂ ಇಲ್ಲೇ ಶುರುವಾಯಿತು. ನನ್ನ ಕನ್ನಡ ಶಾಲೆ ಅದೇ. ಓದುತ್ತಿದ್ದ ಶಾಲೆಯಲ್ಲಿ ತಮಿಳು, ಇಂಗ್ಲಿಷು ಬಿಟ್ಟರೆ ಬೇರೆ ಅಕ್ಷರವಿರಲಿಲ್ಲ. ತರಕಾರಿ ಮುಗಿಸಿದ ಅಮ್ಮಮ್ಮ ನನ್ನನ್ನು ಕರ್ನಾಟಕದ ಬಸ್ಸುಗಳ ಮುಂದೆ ನಿಲ್ಲಿಸುತ್ತಿದ್ದಳು. ಬೆಂಗಳೂರು ಎಂಬ ಬೋರ್ಡಿನ ಮೇಲೆ ಅವಳ ಬೆರಳು ಗಾಳಿಯಲ್ಲೇ ತಿದ್ದುತ್ತಿತ್ತು: ಬ, ಅದಕ್ಕೆ ಎತ್ವ, ಮುಂದೆ ಸೊನ್ನೆ. ಐರಾವತ ಬಂದ ದಿನ ಐ. ‘ಕಾಣ್ ಮಗಾ, ಸಮಾ ಕಾಣ್’ ಎಂದು ಅವಸರಿಸುವಳು. ಬಸ್ಸು ಹೊರಡುವುದರೊಳಗೆ ನಾನು ಓದಿ ಮುಗಿಸಬೇಕು. ಚಾಲಕರು ಒಬ್ಬಿಬ್ಬರು ಅವಳನ್ನು ಗುರುತು ಹಿಡಿದು ‘ಏನಜ್ಜಿ, ಊರಿಗಾ?’ ಎಂದು ಕೇಳುತ್ತಿದ್ದರು. ‘ಇಲ್ಲಪ್ಪ, ಮೊಮ್ಮಗಳಿಗೆ ಅಕ್ಷರ’ ಎನ್ನುವಳು.

2020ರ ಮೇ ತಿಂಗಳಲ್ಲಿ ಕೊರೊನಾ ಹರಡಿ ಮಾರುಕಟ್ಟೆ ಮುಚ್ಚಿತು, ತರಕಾರಿ ವ್ಯಾಪಾರ ತಿರುಮಳಿಶೈಗೆ ಹೋಯಿತು. ಮನೆಬಾಗಿಲಿಗೆ ಬಂದ ತರಕಾರಿಯನ್ನು ಅಮ್ಮಮ್ಮ ಒಲ್ಲದ ಮನಸ್ಸಿನಿಂದ ತಿರುಗಿಸಿ ನೋಡುತ್ತಿದ್ದಳು. ಆ ಸೆಪ್ಟೆಂಬರಿನಲ್ಲಿ ಪೇಟೆ ಮತ್ತೆ ತೆರೆದಾಗ ಅವಳ ಮಂಡಿ ಕೈಕೊಟ್ಟಿತ್ತು. ನಾವು ತಂದದ್ದನ್ನು ಕೂತಲ್ಲೇ ಪರೀಕ್ಷಿಸಿ ಪಾಸು, ಫೇಲು ಮಾಡುವ ಕೆಲಸ ಮಾತ್ರ ಕೊನೆತನಕ ಬಿಡಲಿಲ್ಲ.

ಅಮ್ಮ ಈಗ ಕಟ್ಟು ಬಿಚ್ಚಿಸಿ ಒಂದೊಂದೇ ಎಲೆ ಎತ್ತುತ್ತಾಳೆ. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರೆ ಎಳೆಹಸಿರಿನ ನರಗಳೆಲ್ಲ ಕಾಣುತ್ತವೆ. ಸೀಳಿದ್ದರೆ ಅಲ್ಲಿ ಬಿಳಿ ಗೆರೆ. ಬಡಿಸುವುದು ಕೊಡಿಬಾಳೆಯಲ್ಲೇ ಆಗಬೇಕು, ತುದಿ ಮುರಿದದ್ದು ಬೇಡ. ಎಲೆಯವನು ಹೊಸೂರು ಕಡೆಯವನು, ಕನ್ನಡ ಬರುತ್ತದೆ. ‘ಅಮ್ಮಾ, ಹಿಂಗೆ ಆರಿಸಿದ್ರೆ ನಾನು ಉಳಿದಿದ್ದನ್ನ ಯಾರಿಗೆ ಮಾರ್ಲಿ?’ ಎನ್ನುತ್ತಾನೆ. ಅಮ್ಮ ಉತ್ತರಿಸುವುದಿಲ್ಲ, ಇನ್ನೆರಡು ಎಲೆ ಬದಿಗಿಡುತ್ತಾಳೆ.

ಚೀಟಿಯಲ್ಲಿದ್ದದ್ದೆಲ್ಲ ಚೀಲ ಸೇರಿತು. ಆಟೋ ಕಡೆಗೆ ಹೊರಟವಳು ಟೊಮೆಟೊ ಕ್ರೇಟುಗಳ ಎದುರು ನಿಂತುಬಿಟ್ಟಳು. ಅಮ್ಮಮ್ಮನಿಗೆ ಎಲ್ಲಕ್ಕಿಂತ ಇಷ್ಟ ಟೊಮೆಟೊ ಸಾರು. ಇಂಗಿನ ಒಗ್ಗರಣೆ ಹಾಕಿ, ಲೋಟದಲ್ಲಿ ಬಿಸಿಬಿಸಿ ಕುಡಿಯುತ್ತಿದ್ದಳು.

‘ತಿಥಿಗೆ ಆಗಲ್ವಲ್ಲಮ್ಮ?’ ಎಂದೆ.

‘ನಾಡಿದ್ದಿಗೆ’ ಎಂದಳು ಅಮ್ಮ. ಚೀಲ ನನ್ನ ಕೈಗೆ ದಾಟಿಸಿ, ಒಂದೊಂದೇ ಹಣ್ಣು ಒತ್ತಿ ನೋಡತೊಡಗಿದಳು. ‘ಎರಡು ಕಿಲೊ. ಎಲ್ಲರೂ ಇರ್ತಾರೆ.’