ಗಣಕಯಂತ್ರಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆ: ರೋಣ, ನರಗುಂದ, ಗಜೇಂದ್ರಗಡ ಭಾಗದ ಕಾಲೇಜುಗಳನ್ನು ಕುರಿತು ಒಂದು ವಿವೇಚನೆ

2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ತಾನು ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈಯಲ್ಲಿ ಹೊರಬಂದ ಈ ವ್ಯವಸ್ಥೆ ಹತ್ತು ವರ್ಷಗಳಿಗೂ ಮಿಕ್ಕಿ ಬಾಳಿತು. ಬೆಂಬಲ ನಿಂತಿತೆಂದ ಮಾತ್ರಕ್ಕೆ ಯಂತ್ರವು ಮರುದಿನವೇ ನಿಲ್ಲುವುದಿಲ್ಲ; ಹಿಂದಿನಂತೆಯೇ ತೆರೆದುಕೊಳ್ಳುತ್ತದೆ, ಅಚ್ಚು ತೆಗೆಯುತ್ತದೆ, ಪಾಠಕ್ಕೆ ಒದಗುತ್ತದೆ. ಹೀಗಿರುವಾಗ ಹೊಸದಾದ ವಿಂಡೋಸ್ 11ಕ್ಕೆ ಹೋಗಬೇಕೆ, ಹೋಗುವುದಾದರೆ ಯಾವಾಗ, ಹೋಗಲಾಗದ ಯಂತ್ರಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ಸಣ್ಣ ಊರುಗಳ ಕಾಲೇಜುಗಳನ್ನು ನಗರದ ಸಂಸ್ಥೆಗಳಿಗಿಂತ ಹೆಚ್ಚಾಗಿ ಕಾಡುವುದು ಸಹಜ. ಗದಗ ಜಿಲ್ಲೆಯ ರೋಣ, ನರಗುಂದ, ಹಿಂದೆ ರೋಣ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಗಜೇಂದ್ರಗಡ, ಈ ಮೂರು ಊರುಗಳ ಸನ್ನಿವೇಶವನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಈ ವಿಷಯವನ್ನು ವಿಚಾರಿಸುತ್ತೇವೆ.

ಕಾರ್ಯಾಚರಣ ವ್ಯವಸ್ಥೆಯೆಂಬುದು ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಕಾರಭಾರಿ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಬರೆದ ಇಂಥ ಕೃತಿಯಲ್ಲಿ ದೋಷಗಳು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಕೆಲವು ಕಳ್ಳನಿಗೆ ಬಾಗಿಲಾಗುತ್ತವೆ. ಬಾಗಿಲು ಕಂಡಾಗಲೆಲ್ಲ ಮುಚ್ಚುತ್ತ ಹೋಗುವುದೇ ತಿಂಗಳು ತಿಂಗಳು ಬರುವ ರಕ್ಷಣಾ ಪರಿಷ್ಕರಣದ ಕೆಲಸ. ಅದು ನಿಂತ ಮೇಲೆ ಕಾಣುವ ದೋಷಗಳು ತೆರೆದೇ ಇರುತ್ತವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಅನೇಕ ದೇಶಗಳ ಯಂತ್ರಗಳನ್ನು ಹಿಡಿದು, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ದೋಷಕ್ಕೆ ಪರಿಹಾರವು ಅದೇ ವರ್ಷದ ಮಾರ್ಚಿಯಲ್ಲಿಯೇ ಹೊರಬಂದಿತ್ತು. ಪರಿಹಾರವನ್ನು ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರೆಂಬುದು ಗಮನಿಸತಕ್ಕ ಮಾತು. ವಿದ್ಯಾರ್ಥಿಗಳ ಅಂಕಗಳೂ ಪ್ರವೇಶದ ಕಾಗದಪತ್ರಗಳೂ ಇರುವ ಕಚೇರಿಯ ಯಂತ್ರವನ್ನು ಈ ಸ್ಥಿತಿಯಲ್ಲಿ ಅಂತರಜಾಲಕ್ಕೆ ಒಡ್ಡುವುದು ನಮ್ಮ ಮತದಲ್ಲಿ ಸರಿಯಲ್ಲ.

ಇನ್ನು ತೊಡಕಿನ ಮಾತು. ವಿಂಡೋಸ್ 7ರಿಂದ 10ಕ್ಕೆ ಬರುವಾಗ ಹಳೆಯ ಯಂತ್ರಗಳು ಬಹುಮಟ್ಟಿಗೆ ಒಪ್ಪಿಕೊಂಡಿದ್ದವು. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಅಷ್ಟು ಸುಲಭವಲ್ಲ. 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ, ಇವು ದೊಡ್ಡ ಅಡ್ಡಿಗಳಲ್ಲ. ಟಿಪಿಎಂ 2.0 ಎಂಬ ರಕ್ಷಣಾ ಭಾಗವೂ, ಇಂಟೆಲ್ಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವೂ ಬೇಕೆಂಬುದೇ ಅಡ್ಡಿ. ಟಿಪಿಎಂ ಎಂಬುದು ಗುಪ್ತ ಕೀಲಿಗಳನ್ನು ಉಳಿದ ಯಂತ್ರದಿಂದ ಬೇರೆಯಾಗಿ ಕಾಪಾಡುವ ಒಂದು ಸಣ್ಣ ತಿಜೋರಿ. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಕೊಂಡ ಯಂತ್ರಗಳು, ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಈ ಪರೀಕ್ಷೆಯಲ್ಲಿ ನಪಾಸು. ಅಡ್ಡದಾರಿಯಿಂದ ಹಾಕಿಕೊಳ್ಳುವ ಉಪಾಯಗಳು ಇಲ್ಲದಿಲ್ಲ. ಆದರೆ ಅಂಥ ಯಂತ್ರಗಳಿಗೆ ಮುಂದಿನ ಪರಿಷ್ಕರಣಗಳು ಬರುವುವೆಂಬ ಭರವಸೆಯನ್ನು ತಯಾರಕರು ಕೊಡುವುದಿಲ್ಲ. ಮನೆಯಲ್ಲಿ ಹವ್ಯಾಸಿ ಮಾಡಬಹುದಾದುದನ್ನು ಸಂಸ್ಥೆಯೊಂದು ಮಾಡಲಾಗದು.

ಆದುದರಿಂದ ಎಲ್ಲ ಯಂತ್ರಗಳಿಗೂ ಒಂದೇ ಉತ್ತರವಿಲ್ಲ. ಪರೀಕ್ಷೆಯಲ್ಲಿ ಉತ್ತೀರ್ಣವಾಗುವ ಯಂತ್ರಕ್ಕೆ ಪರಿವರ್ತನೆ ಉಚಿತ. ಅದನ್ನು ಮುಂದೂಡಲು ನಮಗೆ ಕಾರಣ ಕಾಣದು. ಉತ್ತೀರ್ಣವಾಗದ ಯಂತ್ರಕ್ಕೆ ಹಣ ಕೊಟ್ಟು ಪರಿಷ್ಕರಣಗಳನ್ನು ಮುಂದುವರಿಸಿಕೊಳ್ಳುವ ಅವಕಾಶವನ್ನು ಸಂಸ್ಥೆಗಳಿಗೆ ಮೂರು ವರ್ಷಗಳ ಮಟ್ಟಿಗೆ, ಎಂದರೆ 2028ರ ಅಕ್ಟೋಬರ್ ವರೆಗೆ ಇಡಲಾಗಿದೆ. ವ್ಯಾಪಾರೀ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್. ವಿದ್ಯಾಸಂಸ್ಥೆಗಳಿಗೆ ಕ್ರಮವಾಗಿ 1, 2, 4 ಡಾಲರ್. ಈ ಅಗ್ಗದ ದರದ ಸುದ್ದಿ ಹಲವರಿಗೆ ತಲುಪಿಲ್ಲವೆಂದು ತೋರುತ್ತದೆ. ಹೊಸ ಯಂತ್ರಗಳಿಗೆ ಅನುದಾನ ಬರುವವರೆಗೆ ಕಾಲ ತಳ್ಳಲು ಇದು ಯೋಗ್ಯವಾದ ಮಾರ್ಗ.

ಮತ್ತೊಂದು ಮಾರ್ಗ ಲಿನಕ್ಸ್. ಉಬುಂಟು 24.04 ಎಂಬ ದೀರ್ಘಾವಧಿಯ ಆವೃತ್ತಿಯು 2024ರ ಏಪ್ರಿಲಿನಲ್ಲಿ ಹೊರಬಂದಿದ್ದು, ಅದಕ್ಕೆ ಐದು ವರ್ಷಗಳ ಉಚಿತ ಪರಿಷ್ಕರಣವುಂಟು. ಟಿಪಿಎಂ ಇಲ್ಲವೆಂದು ಅದು ಹಳೆಯ ಯಂತ್ರವನ್ನು ಹೊರಗಟ್ಟುವುದಿಲ್ಲ. ನಮ್ಮವರಿಗೆ ಇದು ಅಪರಿಚಿತವೆಂಬ ಅಳುಕು ಬೇಡ. ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಇದೇ ದಾರಿಯಲ್ಲಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಗಣಕವನ್ನು ಕಲಿಯುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶ, ಪರೀಕ್ಷೆಗಳ ವ್ಯವಹಾರವೆಲ್ಲ ಈಗ ಯುಯುಸಿಎಂಎಸ್ ಎಂಬ ಜಾಲತಾಣದ ಮೂಲಕ ನಡೆಯುವುದರಿಂದ, ಒಳ್ಳೆಯ ಬ್ರೌಸರೊಂದಿದ್ದರೆ ಕಚೇರಿಯ ಬಹುಪಾಲು ಕೆಲಸವೂ ಸಾಗುತ್ತದೆ.

ಪ್ರಯೋಗಾಲಯದ ವಿಷಯ ಬೇರೆ. ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಸಿ ಭಾಷೆಯನ್ನು ಬೋರ್ಲ್ಯಾಂಡ್ ಸಂಸ್ಥೆಯ ಟರ್ಬೊ ಸಿ ಎಂಬ ಉಪಕರಣದ ಮೂಲಕ ಕಲಿಸುವ ರೂಢಿ ಬೇರೂರಿದೆ. ಅದು ಡಾಸ್ ಕಾಲದ 16 ಬಿಟ್ಟಿನ ತಂತ್ರಾಂಶ. ವಿಂಡೋಸ್ 10ರಲ್ಲಿ 32 ಬಿಟ್ಟಿನ ಆವೃತ್ತಿಯೊಂದಿದ್ದು ಅದರಲ್ಲಿ ಇಂಥವು ಹೇಗೋ ಓಡುತ್ತಿದ್ದವು. ವಿಂಡೋಸ್ 11 ದೊರೆಯುವುದು 64 ಬಿಟ್ಟಿನಲ್ಲಿ ಮಾತ್ರ. ಅಲ್ಲಿ 16 ಬಿಟ್ಟಿನ ತಂತ್ರಾಂಶಗಳಿಗೆ ನೇರವಾದ ಪ್ರವೇಶವಿಲ್ಲ. ಡಾಸ್‌ಬಾಕ್ಸ್ ಎಂಬ ಅನುಕರಣ ತಂತ್ರಾಂಶದೊಳಗೆ ಅವನ್ನು ಓಡಿಸಬಹುದು. ಆದರೆ ಈ ನೆಪದಲ್ಲಿಯಾದರೂ ಜಿಸಿಸಿಯಂಥ ಇಂದಿನ ಸಂಕಲನ ತಂತ್ರಾಂಶಕ್ಕೆ ದಾಟುವುದು ಮೇಲೆಂದು ನಾವು ಹೇಳುತ್ತೇವೆ. ಮೂವತ್ತು ವರ್ಷಗಳ ಹಿಂದಿನ ನೀಲಿ ಪರದೆಯ ಮೇಲೆ ಕಲಿತ ವಿದ್ಯಾರ್ಥಿ ಉದ್ಯೋಗಕ್ಕೆ ಹೋದೆಡೆ ಮೊದಲ ದಿನವೇ ತಬ್ಬಿಬ್ಬಾಗುತ್ತಾನೆ. ಗ್ರಂಥಾಲಯಗಳಲ್ಲಿ ಯುನೆಸ್ಕೋದ ಸಿಡಿಎಸ್ ಐಸಿಸ್ ತಂತ್ರಾಂಶದ ಡಾಸ್ ಆವೃತ್ತಿಯಲ್ಲಿ ಮಾಡಿದ ಪುಸ್ತಕಸೂಚಿ ಇನ್ನೂ ಉಳಿದಿದ್ದರೆ, ಯಂತ್ರವನ್ನು ಮುಟ್ಟುವ ಮೊದಲೇ ಅದನ್ನು ಹೊರತೆಗೆದು ಕೋಹಾದಂಥ ವ್ಯವಸ್ಥೆಗೆ ಸಾಗಿಸಬೇಕು.

ನಮ್ಮ ವಿಭಾಗದ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದುದು ಕನ್ನಡದ ಕಡತಗಳ ಗತಿ. 1998ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದ ಪ್ರಬಂಧಗಳು, ಸೂಡಿ, ರೋಣಗಳ ಶಾಸನಪಾಠಗಳು, ಹಳ್ಳಿಗಳಲ್ಲಿ ಬರೆದುಕೊಂಡ ಹಂತಿಯ ಹಾಡುಗಳು ಎಷ್ಟೋ ಇವೆ. ಆ ಕಾಲದ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಒಕ್ಕಲಿರಿಸಲಾಗಿತ್ತು. ಅಕ್ಷರವಿನ್ಯಾಸದ ಆ ನಿರ್ದಿಷ್ಟ ಕಡತ ಯಂತ್ರದಲ್ಲಿದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ ತನ್ನದೇ 128 ಸ್ಥಾನಗಳನ್ನು ಕೊಟ್ಟಿತಾದರೂ, ಅದು ನಮ್ಮ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಎಕ್ಸ್‌ಪಿಯೊಡನೆ ಬಂದ ತುಂಗಾ ಎಂಬ ಅಕ್ಷರವಿನ್ಯಾಸ ಕೂಡ ಈಗ ತಾನಾಗಿ ಬರುವುದಿಲ್ಲ, ಬೇಕೆಂದವರು ಆರಿಸಿ ಹಾಕಿಕೊಳ್ಳಬೇಕು.

ಹೊಸ ವ್ಯವಸ್ಥೆಗೆ ಹೋದರೆ ಹಳೆಯ ಕಡತಗಳು ಅಳಿಯುತ್ತವೆಂಬ ಭಯ ನಿಜವಲ್ಲ. ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವಾಗ, ಪ್ರತಿ ತೆಗೆದಿರಿಸದ ಕಡತಗಳು ಮಾತ್ರ ಅಳಿಯುತ್ತವೆ. ನಿಜವಾದ ಅಪಾಯ ಇನ್ನೊಂದಿದೆ: ಅಕ್ಷರವಿನ್ಯಾಸವನ್ನು ಮತ್ತೆ ಹಾಕಲು ಯಾರಿಗೂ ನೆನಪಾಗದೆ, ರಾಶಿಯಂತೆ ಕಂಡ ಕಡತವನ್ನು ಕೆಟ್ಟುಹೋಯಿತೆಂದು ಬಗೆದು ಯಾರಾದರೂ ಅಳಿಸಿಬಿಡುವುದು. ಆದ್ದರಿಂದ ಮೊದಲು ಎರಡು ಪ್ರತಿ; ಆಮೇಲೆ ನುಡಿ, ಬರಹಗಳಲ್ಲಿಯೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ತರುವುದು. ಅರ್ಕಾವತ್ತೂ ಶಾಸನಗಳಲ್ಲಿ ಬರುವ ಱ, ೞ ಅಕ್ಷರಗಳೂ ಪರಿವರ್ತನೆಯಲ್ಲಿ ಎಡವುವ ಸಂಭವವಿರುವುದರಿಂದ ಮೂಲದೊಡನೆ ಒಮ್ಮೆ ತಾಳೆ ನೋಡಲೇಬೇಕು.

ಕಾಲವನ್ನು ಕುರಿತು ಒಂದು ಮಾತು. ಗಜೇಂದ್ರಗಡದ ನೇಕಾರರು ಹಾಸು ಮಗ್ಗದ ಮೇಲಿರುವಾಗ ಮಗ್ಗವನ್ನು ಕಳಚುವುದಿಲ್ಲ. ಸೆಮಿಸ್ಟರಿನ ನಡುವೆ, ಅದರಲ್ಲಿಯೂ ಪರೀಕ್ಷಾ ಅರ್ಜಿಗಳ ದಿನಗಳಲ್ಲಿ, ಈ ಕೆಲಸಕ್ಕೆ ಕೈ ಹಾಕಬಾರದು. ರಜೆಯಲ್ಲಿ ಮೊದಲು ಒಂದೇ ಯಂತ್ರವನ್ನು ಬದಲಿಸಿ, ಮುದ್ರಣಯಂತ್ರವೂ ಕನ್ನಡ ಬೆರಳಚ್ಚೂ ಸರಿಯಾಗಿ ನಡೆಯುವುವೋ ಎಂದು ಒಂದು ವಾರ ನೋಡುವುದು ಲೇಸು. ಕೆಟ್ಟರೆ ಗದಗ ಇಲ್ಲವೆ ಹುಬ್ಬಳ್ಳಿಗೆ ಹೊತ್ತೊಯ್ಯಬೇಕಾದೀತು. ಯಂತ್ರಕ್ಕೊಂದು ಸಲ ಜಾಲದಿಂದ ಇಳಿಸಿಕೊಳ್ಳುವುದು ವ್ಯರ್ಥ. ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಿಂದ ಎಲ್ಲಕ್ಕೂ ಹಾಕಬಹುದು. ನಡುವೆ ವಿದ್ಯುತ್ತು ಹೋದರೆ ವ್ಯವಸ್ಥೆ ಅರ್ಧಕ್ಕೆ ನಿಂತು ಯಂತ್ರ ತೆರೆಯದಂತಾಗುವುದುಂಟು, ಯುಪಿಎಸ್ ಇಲ್ಲದೆ ತೊಡಗಬಾರದು. ವಿಂಡೋಸ್ 11ರ ಈಚಿನ ಆವೃತ್ತಿಗಳು ಎಷ್ಟೋ ವೇಳೆ ತಾವಾಗಿಯೇ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುತ್ತವೆ. ಅದರ ಪುನಃಪ್ರಾಪ್ತಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕಚೇರಿಯ ಕಪಾಟಿನಲ್ಲಿರಿಸಬೇಕು. ಹಳೆಯ ಕಡತಗಳ ಪರಿವರ್ತನೆಗಾಗಿ ಒಂದೇ ಒಂದು ಯಂತ್ರವನ್ನು ಹಿಂದಿನ ವ್ಯವಸ್ಥೆಯಲ್ಲಿಯೇ, ಅಂತರಜಾಲದ ಸಂಪರ್ಕವನ್ನು ತೆಗೆದು, ಒಂದು ಮೂಲೆಯಲ್ಲಿ ಉಳಿಸಿಕೊಂಡರೆ ಸಾಕು.