ಕಿಟಕಿಯಿಲ್ಲದ ಗೋಡೆಗೆ ಹಳೆಯ ಕನ್ನಡಿ

ಅಮ್ಮಿನಬಾವಿಯಲ್ಲಿ ನಮ್ಮ ಸೋದರತ್ತೆಯ ಮನೆಯ ಪಡಸಾಲೆಗೆ ಒಂದು ಮೊಂಡು ಗೋಡೆಯಿದೆ. ಪಕ್ಕದ ಮನೆಯವರಿಗೂ ಅದೇ ಗೋಡೆ. ಹಾಗಾಗಿ ಕಿಟಕಿಯ ಮಾತೇ ಇಲ್ಲ. ಎರಡು ಅಡಿ ದಪ್ಪದ ಮಣ್ಣು, ಎಡಕ್ಕೊಂದು ದೀಪದ ಗೂಡು, ಬಲಕ್ಕೆ ಎಂದೋ ಮುಚ್ಚಿದ ಬಾಗಿಲಿನ ಗುರುತು, ನಡುವೆ ತುಸು ಉಬ್ಬು. ಕ್ಯಾಲೆಂಡರ್ ಹಾಕಿದರೆ ಸೊಟ್ಟ, ಕಪಾಟು ಇಟ್ಟರೆ ಹಿಂದೆ ಸಂದು. "ಈ ಗ್ವಾಡಿ ಯಾವಾಗ ನೋಡಿದ್ರೂ ಮಾರಿ ಗಂಟ್ ಹಾಕ್ಕೊಂಡ್ ನಿಂತಿರತೈತಿ ನೋಡವಾ" ಎಂದು ಅತ್ತೆ ಅನ್ನುತ್ತಲೇ ಇರುತ್ತಾಳೆ. ಆ ಗೋಡೆಯನ್ನು ನಗಿಸಿದ್ದು ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಮೂರು ಹಳೆಯ ಕನ್ನಡಿಗಳು.

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ 10 ಕಿ.ಮೀ. ಆಸುಪಾಸಿನಲ್ಲಿ ಅಮ್ಮಿನಬಾವಿ. ಮಲಪ್ರಭೆಯ ನೀರು ಇಲ್ಲಿ ಶುದ್ಧಗೊಂಡು ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಈ ಸೀಮೆಯ ಹಳೆಯ ಮಣ್ಣಿನ ಮನೆಗಳನ್ನು ಅಂಕಣಗಳ ಲೆಕ್ಕದಲ್ಲಿ ಕಟ್ಟಿದ್ದಾರೆ: ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಬೇಸಿಗೆಯಲ್ಲಿ ತಂಪು. ಕಿಟಕಿ ಕಡಿಮೆಯಾದಷ್ಟೂ ಕಾಳಿಗೆ ಕಾವಲು ಗಟ್ಟಿ. ಬೆಳಕು ಬರುವುದು ತಲೆಬಾಗಿಲಿನಿಂದ, ಇಲ್ಲವೇ ಮಾಳಿಗೆಯ ಬೆಳಕಿಂಡಿಯಿಂದ. ಇಂಥ ಮನೆಯಲ್ಲಿ ಕನ್ನಡಿ ಬರಿಯ ಅಲಂಕಾರವಲ್ಲ, ಬೆಳಕನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುವ ಸಾಧನ.

ನಮ್ಮ ಪರಂಪರೆಯಲ್ಲಿ ಕನ್ನಡಿಯ ಸ್ಥಾನ ದೊಡ್ಡದು. ಹಳೆಯ ನೇಮಿನಾಥ ಬಸದಿ ಇರುವ ಊರಿದು. ದಿಗಂಬರ ಜೈನರ ಅಷ್ಟಮಂಗಲಗಳಲ್ಲಿ ದರ್ಪಣವೂ ಒಂದು. ಮದುವೆ, ಜಾತ್ರೆಗಳಲ್ಲಿ ಕಳಸ-ಕನ್ನಡಿ ಹಿಡಿದ ಹೆಣ್ಣುಮಕ್ಕಳೇ ಮುಂದೆ. ಬೇಲೂರಿನ ದರ್ಪಣ ಸುಂದರಿಯ ಕಾಲದ ಕನ್ನಡಿ ಉಜ್ಜಿ ಹೊಳಪಿಸಿದ ಲೋಹದ್ದು. ಕೇರಳದ ಆರನ್ಮುಳದಲ್ಲಿ ಇಂದಿಗೂ ತಾಮ್ರ-ತವರ ಬೆರೆಸಿ ಎರಕ ಹೊಯ್ದು ಅಂಥದ್ದನ್ನು ಮಾಡುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಬೆರಳೂ ಬಿಂಬವೂ ಕೂಡಿಕೊಳ್ಳುತ್ತವೆ. ಗಾಜಿನ ಕನ್ನಡಿಯಲ್ಲಿ ನಡುವೆ ಸಂದು ಉಳಿಯುತ್ತದೆ. ಗಾಜು ದಪ್ಪವಿದ್ದಷ್ಟೂ ಆ ಸಂದು ದೊಡ್ಡದು.

ಗಾಜಿನ ಕನ್ನಡಿಗೆ ಮೊದಲು ಹಿಂಬದಿಯಲ್ಲಿ ತವರದ ಹಾಳೆಯನ್ನೂ ಪಾದರಸವನ್ನೂ ಕೂಡಿಸುತ್ತಿದ್ದರು. 1835ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಕೂರಿಸುವ ದಾರಿ ತೋರಿಸಿದ. ಇಂದಿಗೂ ನಮ್ಮ ಜನ "ರಸ ಹೋಗೇದ" ಎನ್ನುತ್ತಾರಲ್ಲ, ಆ ಮಾತಿನಲ್ಲಿ ಹಳೆಯ ಪಾದರಸದ ನೆನಪಿದೆ. ಅಂಚಿನಿಂದ ತೇವ ಒಳಗೆ ಸರಿದಾಗ ಬೆಳ್ಳಿ ಕಪ್ಪಾಗಿ ಮಚ್ಚೆ ಬೀಳುತ್ತವೆ. ಅದಕ್ಕಾಗಿ ಕನ್ನಡಿಯನ್ನು ಎಸೆಯಬೇಡಿ, ಹೊಸ ಗಾಜನ್ನೂ ಕೂರಿಸಬೇಡಿ. ಮುಖ ನೋಡಿಕೊಳ್ಳಲು ಅದು ಸೋತಿರಬಹುದು. ಗೋಡೆಯ ಮೇಲೆ ಬೆಳಕನ್ನು ಅದರಷ್ಟು ಮೆತ್ತಗೆ ಮರಳಿಸುವ ಹೊಸ ಕನ್ನಡಿ ಸಿಗುವುದಿಲ್ಲ.

ಅತ್ತೆಯ ಮೂರು ಕನ್ನಡಿಗಳಲ್ಲಿ ಒಂದು ಮುರಿದ ಕಪಾಟಿನ ಬಾಗಿಲಿಗಿದ್ದ ನಿಲುವುಗನ್ನಡಿ. ಇನ್ನೊಂದು ಮೊಟ್ಟೆಯಾಕಾರದ್ದು, ಅಂಚನ್ನು ಓರೆಯಾಗಿ ಉಜ್ಜಿದ್ದಾರೆ. ಮೂರನೆಯದು ಅಜ್ಜ ಕಟ್ಟೆಯ ಮೇಲೆ ಕುಳಿತು ದಾಡಿ ಮಾಡಿಕೊಳ್ಳುತ್ತಿದ್ದ ಅಂಗೈಯಗಲದ ಕನ್ನಡಿ. ಅದರ ಸಾಗವಾನಿ ಚೌಕಟ್ಟಿನ ಒಂದು ಮೂಲೆ ಅವರ ಹೆಬ್ಬೆರಳು ತಾಗಿ ತಾಗಿ ನುಣುಪಾಗಿ ಸವೆದಿದೆ.

ಮೊದಲ ದಿನ ನಾವು ತಪ್ಪು ಮಾಡಿದೆವು. ಜಾಗ ಖಾಲಿಯಿದೆಯೆಂದು ನಿಲುವುಗನ್ನಡಿಯನ್ನು ಗೋಡೆಯ ತುದಿಗೆ ಹಾಕಿದೆವು. ಎದುರಿಗಿದ್ದ ಕರೆಂಟಿನ ಮೀಟರು, ಜೋತುಬಿದ್ದ ವೈರು ಎಲ್ಲವೂ ಎರಡೆರಡಾದವು. ಕನ್ನಡಿ ತನ್ನೆದುರು ಇರುವುದನ್ನು ದುಪ್ಪಟ್ಟು ಮಾಡುತ್ತದೆ, ಅಷ್ಟೇ. ಆದ್ದರಿಂದ ಮೊದಲು ನೋಡಬೇಕಾದದ್ದು ಗೋಡೆಯನ್ನಲ್ಲ, ಗೋಡೆಯ ಎದುರಿಗೇನಿದೆ ಎಂಬುದನ್ನು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಮುಗಿದ ಕನ್ನಡಿ ಮಹಲಿನಲ್ಲೂ ಇದೇ ಸೂತ್ರ: ತೋಟದ ಕಡೆ 17 ಕಮಾನು ಕಿಟಕಿ, ಅವುಗಳಿಗೆ ಎದುರಾಗಿ 17 ಕನ್ನಡಿ ಕಮಾನು. ಒಟ್ಟು 357 ಕನ್ನಡಿಗಳು ಇಡೀ ತೋಟವನ್ನು ಒಳಗೆ ಕರೆತರುತ್ತವೆ.

ಮರುದಿನ ಒಬ್ಬರು ಕನ್ನಡಿ ಹಿಡಿದು ಗೋಡೆಗುಂಟ ಸರಿಯುತ್ತ ಹೋದರು, ಇನ್ನೊಬ್ಬರು ಕೂರುವ ಜಾಗಗಳಿಂದ ನೋಡುತ್ತ ಬಂದರು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಹೀಗೆ ಮೂರು ಸಲ. ಹಳೆಯ ಪೇಪರನ್ನು ಕನ್ನಡಿಗಳ ಅಳತೆಗೆ ಕತ್ತರಿಸಿ ಅಂಟಿಸಿ, ಮನಸ್ಸಿಗೆ ಬರುವವರೆಗೆ ಬದಲಿಸಿದೆವು. ಮೂರೂ ಬೇರೆ ಬೇರೆ ಆಕಾರದವು. ಅವನ್ನು ಹೊಂದಿಸಲು ಒಂದು ಗೆರೆ ಬೇಕಿತ್ತು. ದೀಪದ ಗೂಡಿನ ತಳದ ಗೆರೆಯನ್ನೇ ಹಿಡಿದೆವು: ದೊಡ್ಡ ಎರಡರ ಕೆಳಗಂಚು ಆ ಗೆರೆಗೆ, ನಡುವೆ ನಾಲ್ಕು ಬೆರಳು ಬಿಡುವು. ಅಜ್ಜನ ಕನ್ನಡಿಯನ್ನು ಗೂಡಿನೊಳಗೇ ಇಟ್ಟೆವು. ಅದರ ಮುಂದೆ ಹಣತೆ ಹಚ್ಚಿದರೆ ಈಗ ಎರಡು ಹಣತೆ.

ತೂಗುಹಾಕುವ ಕೆಲಸಕ್ಕೆ ಅವಸರ ಸಲ್ಲ. ಎರಡು ಅಡಿಗೆ ಮೂರು ಅಡಿಯ, 5 ಮಿ.ಮೀ. ದಪ್ಪದ ಗಾಜೇ ಸುಮಾರು 7 ಕೆ.ಜಿ. ತೂಗುತ್ತದೆ, ಚೌಕಟ್ಟಿನ ಭಾರ ಬೇರೆ. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಮಣ್ಣು ಉದುರುತ್ತದೆ. ಮೇಲಿನ ತೊಲೆಗೆ ಕೊಂಡಿ ಹಾಕಿ ಸರಪಳಿಯಲ್ಲಿ ಇಳಿಬಿಡುವುದು ಕ್ಷೇಮ. ತಲೆಯ ಭಾಗ ಸ್ವಲ್ಪ ಮುಂದಕ್ಕೆ ಬಾಗಿರಲಿ. ನಮ್ಮ ಹಳೆಯ ಮನೆಗಳಲ್ಲಿ ಫೋಟೋ, ಕನ್ನಡಿಗಳೆಲ್ಲ ಮೇಲಿದ್ದು ಮುಂದಕ್ಕೆ ಬಾಗಿರುತ್ತಿದ್ದವು. ನೆಲದ ಮೇಲೆ ಕುಳಿತವರಿಗೂ ಅವು ಕಾಣುತ್ತವೆ. ಚೌಕಟ್ಟಿನ ಹಿಂದೆ ಕಟ್ಟಿಗೆಯ ಚಕ್ಕೆ ಕೊಟ್ಟು ಗಾಳಿಯಾಡಲು ಬಿಟ್ಟರೆ ತೇವ ಹತ್ತುವುದಿಲ್ಲ, ಉಬ್ಬಿದ ಗೋಡೆಯೂ ತೊಡಕಾಗುವುದಿಲ್ಲ.

ಒರೆಸುವಾಗ ನೀರನ್ನು ನೇರ ಕನ್ನಡಿಗೆ ಚಿಮುಕಿಸಬೇಡಿ, ಅದು ಅಂಚಿಗಿಳಿದು ಬೆಳ್ಳಿಯನ್ನು ತಿನ್ನುತ್ತದೆ. ಹಳೆಯ ಧೋತರದ ಅರಿವೆಯನ್ನು ತುಸುವೇ ಒದ್ದೆ ಮಾಡಿಕೊಂಡರೆ ಸಾಕು. ಗೋಡೆಗೆ ಸುಣ್ಣ ಹಚ್ಚುವಾಗ ಕನ್ನಡಿ ಇಳಿಸಿಡಿ. ಬಹಳ ಹಳೆಯದರ ಹಿಂಬದಿಯನ್ನು ಎಂದೂ ಕೆರೆಯಬಾರದು, ಪಾದರಸ ವಿಷ. ಒಡೆದ ಕನ್ನಡಿ ಮನೆಯಲ್ಲಿರಬಾರದು ಎನ್ನುವ ಹಿರಿಯರ ಮಾತಿಗೂ ದಾರಿಯಿದೆ: ಗಾಜಿನ ಅಂಗಡಿಯಲ್ಲಿ ಬಿರುಕಿನ ಭಾಗ ತೆಗೆಸಿ, ಉಳಿದದ್ದಕ್ಕೆ ಅಂಚು ಉಜ್ಜಿಸಿ ಸಣ್ಣ ಚೌಕಟ್ಟು ಹಾಕಿಸಬಹುದು.

ಕೊಳ್ಳಲೇಬೇಕೆಂದರೆ ಗುಜರಿ ಅಂಗಡಿ, ನವೀಕರಣಕ್ಕೆ ಕೈಹಚ್ಚಿದ ಹಳೆಯ ಕ್ಷೌರದಂಗಡಿ, ಖಾನಾವಳಿಗಳಲ್ಲಿ ವಿಚಾರಿಸಿ. ಆದರೆ ಮೊದಲು ನಿಮ್ಮ ಅಟ್ಟ ಹತ್ತಿ ನೋಡಿ.

ನಿಲುವುಗನ್ನಡಿ ಕೊನೆಗೆ ನಿಂತದ್ದು ಗೋಡೆಯ ಸರಿ ನಡುವೆ, ತಲೆಬಾಗಿಲಿಗೂ ಅಡುಗೆಮನೆಗೂ ಸಮದೂರದಲ್ಲಿ. ಬೆಳಕು ಬಿದ್ದ ಕೋನದಲ್ಲೇ ಮರಳುತ್ತದೆಂದು ಶಾಲೆಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು. ಇಷ್ಟು ವರ್ಷ ಬಾಗಿಲು ಸದ್ದಾದಾಗಲೆಲ್ಲ ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಮಂಡಿ ಹಿಡಿದು ಏಳುತ್ತಿದ್ದಳು. ಈಗ ಒಲೆಯ ಮುಂದಿನಿಂದಲೇ ಕತ್ತು ಹೊರಳಿಸುತ್ತಾಳೆ. ಮೊನ್ನೆ ನಾನು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಕೂಗು ಬಂತು: "ಬಾರವಾ, ಕೈಕಾಲ್ ತೊಳಕೊ. ಬಿಸಿ ರೊಟ್ಟಿ ಅದಾವು."