ಟೌನ್ಸ್‌ವಿಲ್ ನಗರದ ವೀರೆಯರು

ಕುಮಾರವ್ಯಾಸನ ವಿರಾಟಪರ್ವವನ್ನು ಪಾಠ ಹೇಳುವಾಗ ಉತ್ತರಕುಮಾರನ ಪ್ರಸಂಗ ಬಂದಿತೆಂದರೆ, ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ಎಚ್ಚರಗೊಳ್ಳುವುದನ್ನು ನಾನು ಕಂಡಿದ್ದೇನೆ. ಹೆಂಗಳೆಯರ ನಡುವೆ ಕುಳಿತು ಕೌರವಸೇನೆಯನ್ನು ಮಾತಿನಲ್ಲೇ ಹುರಿದು ಮುಕ್ಕಿದ ರಾಜಕುಮಾರ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನಷ್ಟೆ. ಮೊನ್ನೆ ಆ ಭಾಗ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ನಿಜವಾಗಿಯೂ ಶೂರರಾಗಿದ್ದು ನಗಿಸುವವರು ಯಾರೂ ಇಲ್ಲವೆ?" ಎಂದು ಕೇಳಿದಳು. ಭೀಮನ ಹೆಸರು ನಾಲಗೆಯ ತುದಿಗೆ ಬಂದಿದ್ದಿತು. ಮನಸ್ಸು ಮಾತ್ರ ವಿರಾಟನಗರವನ್ನು ಬಿಟ್ಟು ಟೌನ್ಸ್‌ವಿಲ್ ಎಂಬ ಊರಿಗೆ ಹೊರಟುಹೋಗಿದ್ದಿತು. ತರಗತಿಯಲ್ಲಿ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ಟೌನ್ಸ್‌ವಿಲ್ ಎಂಬ ಹೆಸರಿನ ಪಟ್ಟಣವೊಂದು ಆಸ್ಟ್ರೇಲಿಯದಲ್ಲಿದೆ. ನಾನು ಹೇಳುವುದು ಅದನ್ನಲ್ಲ. ಇದು 1998ರಿಂದ 2005ರವರೆಗೆ ಹೊಸ ಹೊಸ ಕಂತುಗಳಲ್ಲಿ ಬಂದ 'ಪವರ್‌ಪಫ್ ಗರ್ಲ್ಸ್' ಎಂಬ ಅಮೆರಿಕದ ಕಾರ್ಟೂನು ಮಾಲೆಯ ಊರು. ಪ್ರೊಫೆಸರರೊಬ್ಬರು ಆದರ್ಶ ಬಾಲಕಿಯರನ್ನು ಸೃಷ್ಟಿಸಬೇಕೆಂದು ಸಕ್ಕರೆ, ಸಂಬಾರ ಮುಂತಾದ ಒಳ್ಳೆಯ ವಸ್ತುಗಳನ್ನೆಲ್ಲ ಕಲಸುತ್ತಿರುವಾಗ, ಆಕಸ್ಮಿಕವಾಗಿ ಒಂದು ವಿಚಿತ್ರ ರಸಾಯನ ಅದರೊಳಗೆ ಬೀಳುತ್ತದೆ. ಫಲವಾಗಿ ಬ್ಲಾಸಮ್, ಬಬಲ್ಸ್, ಬಟರ್‌ಕಪ್ ಎಂಬ ಮೂವರು ಹಾರುವ ಹುಡುಗಿಯರು ಹುಟ್ಟುತ್ತಾರೆ. ಮೂಗಿಲ್ಲ, ಬೆರಳಿಲ್ಲ, ಮುಖದ ತುಂಬ ಕಣ್ಣು. ಕ್ರೇಗ್ ಮೆಕ್ರಾಕೆನ್ ಎಂಬಾತ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಇವರ ಮೊದಲ ರೂಪವನ್ನು ಚಿತ್ರಿಸಿದನು. ಶಿಶುವಿಹಾರಕ್ಕೆ ಹೋಗುವ ವಯಸ್ಸಿನ ಈ ಮಕ್ಕಳು ಬೆಟ್ಟದಂತಹ ರಾಕ್ಷಸರನ್ನು ಎತ್ತಿ ಒಗೆಯುತ್ತಾರೆ. ಆ ಊರಿನ ಮೇಯರನಾದರೋ, ಉಪ್ಪಿನಕಾಯಿಯ ಭರಣಿಯ ಮುಚ್ಚಳ ಬಿಚ್ಚಲಾಗದೆ, ನಗರರಕ್ಷಣೆಗೆಂದೇ ಇಟ್ಟ ದೂರವಾಣಿಯಲ್ಲಿ ಇವರನ್ನು ಕರೆಯುತ್ತಾನೆ!

ನಗಿಸುವ ವೀರರ ವಂಶ ಹಳೆಯದು. ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿ, 1941ರಲ್ಲಿ ಬೆಳ್ಳಿತೆರೆಯ ಕಾರ್ಟೂನಾದನು. ಮರುವರ್ಷವೇ ಟೆರಿಟೂನ್ಸ್ ಸಂಸ್ಥೆಯವರು ಅವನನ್ನು ಅಣಕಿಸಿ ಒಂದು ಇಲಿಯನ್ನು ಹಾರಿಸಿದರು. ಆ ಇಲಿಗೆ ಶಕ್ತಿ ಬಂದದ್ದು ಸೂಪರ್ ಮಾರ್ಕೆಟ್ಟಿನಲ್ಲಿ: ಸೂಪರ್ ಸಾಬೂನಿನಲ್ಲಿ ಮಿಂದು, ಸೂಪರ್ ಸೂಪನ್ನು ಕುಡಿದು, ಸೂಪರ್ ಚೀಸಿನೊಳಗೆ ತಲೆ ತೂರಿಸಿ ಅದು ಮಹಾವೀರನಾಗುತ್ತದೆ. ಒಂದೇ ಪದದ ಶ್ಲೇಷೆಯಿಂದ ಒಬ್ಬ ನಾಯಕನನ್ನೇ ಹೆತ್ತ ಇಂತಹ ಸಾಹಸ ನಮ್ಮ ಚಂಪೂಕವಿಗಳಿಗೂ ಮೆಚ್ಚುಗೆಯಾಗುತ್ತಿದ್ದಿತೆಂದು ತೋರುತ್ತದೆ. ಈ ಇಲಿಯೇ ಮುಂದೆ 'ಮೈಟಿ ಮೌಸ್' ಎಂದು ಹೆಸರಾಯಿತು. 1964ರಲ್ಲಿ ಬಂದ 'ಅಂಡರ್‌ಡಾಗ್' ಬೂಟು ಪಾಲಿಶ್ ಮಾಡುವ ಒಂದು ನಾಯಿ. ದೂರವಾಣಿಯ ಗೂಡಿನೊಳಗೆ ವೇಷ ಬದಲಿಸಿದ ಮೇಲೆ ಅದು ಪ್ರಾಸವಿಲ್ಲದೆ ಮಾತನಾಡುವುದೇ ಇಲ್ಲ. ಬೆಳಗಿನ ತಿಂಡಿಯ ಕಾಳುಗಳನ್ನು ಮಾರುವ ಕಂಪನಿಯೊಂದರ ಜಾಹೀರಾತಿಗಾಗಿ ಹುಟ್ಟಿದ ನಾಯಿ ಅದು. ಚಿತ್ರಗಳು ಅಗ್ಗದವು, ಪ್ರಾಸಗಳು ಕೆಲವೆಡೆ ತೀರ ಎಳೆದು ತಂದವು. ಆದರೂ ರಕ್ಷಣೆಗೆಂದು ಬಂದು ಗೋಡೆಗಳನ್ನು ಕೆಡಹಿ, ಅದರ ಕಡೆಗೆ ತಿರುಗಿಯೂ ನೋಡದೆ ಹೋಗುವ ಅದರ ಗತ್ತು ಮರೆಯುವಂತಹುದಲ್ಲ.

1994ರ 'ಟಿಕ್' ಬೇರೆಯೇ ಜಾತಿ. ಟಿಕ್ ಎಂದರೆ ನಮ್ಮ ದನಗಳ ಮೈಗೆ ಹತ್ತುವ ಉಣ್ಣಿ. ಈ ನೀಲಿ ಉಣ್ಣಿವೀರನು ಒಂದು ಉಪಮೆಯನ್ನು ಹಿಡಿದನೆಂದರೆ, ಅದು ನಡುದಾರಿಯಲ್ಲಿ ಇನ್ನೊಂದು ಉಪಮೆಗೆ ಢಿಕ್ಕಿ ಹೊಡೆದು, ಉಪಮೇಯ ಯಾವುದೆಂಬುದೇ ಮರೆತುಹೋಗುತ್ತದೆ. ಅವನ ಸಂಗಡಿಗನೊಬ್ಬ ಲೆಕ್ಕ ಬರೆಯುವ ಗುಮಾಸ್ತ. ಪತಂಗದ ವೇಷ ತೊಟ್ಟ ಅವನನ್ನು ಕಂಡವರೆಲ್ಲ ಮೊಲವೆನ್ನುತ್ತಾರೆ. ಅಲಂಕಾರ ಪತ್ರಿಕೆಗಳನ್ನು ತಿದ್ದುವಾಗ ನನಗೆ ಈ ಉಣ್ಣಿಯ ನೆನಪು ಬಾರದ ವರ್ಷವಿಲ್ಲ.

ಶೃಂಗಾರದ ಅನುಕರಣದಿಂದ ಹಾಸ್ಯ ಹುಟ್ಟುತ್ತದೆಯೆಂದು ಭರತಮುನಿ ಹೇಳಿದನು. ಯಾವ ರಸದ ಅನುಕರಣದಿಂದಲಾದರೂ ಹಾಸ್ಯ ಹುಟ್ಟಬಹುದೆಂದು ಅಭಿನವಗುಪ್ತನು ಅದನ್ನು ವಿಸ್ತರಿಸಿದನು. ಉತ್ತರಕುಮಾರನ ಮಟ್ಟಿಗೆ ಇದು ಸರಿಯೇ. ಅವನದು ವೀರದ ಆಭಾಸ, ಆದ್ದರಿಂದ ನಗೆ. ಆದರೆ ಟೌನ್ಸ್‌ವಿಲ್ಲಿನ ಹುಡುಗಿಯರ ಶೌರ್ಯ ಆಭಾಸವಲ್ಲ. ಬಬಲ್ಸ್ ನಿಜವಾಗಿಯೂ ರಾಕ್ಷಸನನ್ನು ಸೋಲಿಸುತ್ತಾಳೆ. ನಿಜವಾಗಿಯೂ ಕತ್ತಲೆಗೆ ಹೆದರುತ್ತಾಳೆ. ಎರಡೂ ನಿಜವಾದುದರಿಂದಲೇ ನಾವು ನಗುತ್ತೇವೆ. ಆ ನಗೆಯಲ್ಲಿ ತಿರಸ್ಕಾರದ ಕಣವೂ ಇರುವುದಿಲ್ಲ. ಇದನ್ನು ನಾನು ಶಾಸ್ತ್ರಗ್ರಂಥಗಳಿಂದ ತಿಳಿದುಕೊಂಡೆನೆಂದರೆ ಸುಳ್ಳಾದೀತು.

2000ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ತಾಯಿ ತೀರಿಕೊಂಡರು. ನಾನು ಎಂ.ಎ. ಓದುತ್ತಿದ್ದೆ, ತಂಗಿಗೆ ಎಂಟು ವರ್ಷ. ಅವಳು ಅಳಲಿಲ್ಲ, ಮಾತನ್ನೇ ಬಿಟ್ಟುಬಿಟ್ಟಳು. ಅನ್ನದ ತಟ್ಟೆಯ ಮುಂದೆ ಕುಳಿತು, ತಟ್ಟೆ ಆರುವವರೆಗೆ ಅದನ್ನೇ ನೋಡುತ್ತಿದ್ದಳು. ತಂದೆಯವರು ಜೀವಮಾನದಲ್ಲಿ ಒಲೆ ಹಚ್ಚಿದವರಲ್ಲ. ಗಂಟುಗಂಟಾದ ಉಪ್ಪಿಟ್ಟನ್ನು ಮಾಡಿ, ನಮ್ಮ ಮುಖ ನೋಡಲಾರದೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. 1995ರಲ್ಲಿ ಭಾರತಕ್ಕೆ ಬಂದಿದ್ದ ಕಾರ್ಟೂನ್ ನೆಟ್‌ವರ್ಕ್ ಅಷ್ಟು ಹೊತ್ತಿಗೆ ನಮ್ಮ ನೆರೆಮನೆಯ ಕೇಬಲ್ಲಿಗೂ ತಲಪಿದ್ದಿತು. ಬೇರೇನೂ ತೋಚದೆ ತಂಗಿಯನ್ನು ಸಂಜೆ ಅಲ್ಲಿಗೆ ಕರೆದೊಯ್ಯತೊಡಗಿದೆ. ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ. ಮೋಜೊ ಜೋಜೊ ಎಂಬ ದುಷ್ಟ ಕೋತಿಯದೊಂದೇ ಇದಕ್ಕೆ ಹೊರತು. ಪುನರುಕ್ತಿಯನ್ನು ದೋಷವೆಂದು ತಿಳಿಯದ ಆ ಮಹಾನುಭಾವ ಹೇಳಿದ್ದನ್ನೇ ನಾಲ್ಕು ಬಗೆಯಾಗಿ ಹೇಳುತ್ತಿದ್ದುದರಿಂದ, ಅವನ ಮಾತು ನಾಲ್ಕನೆಯ ಸಲಕ್ಕೆ ಅವಳಿಗೂ ಅರ್ಥವಾಗುತ್ತಿದ್ದಿತು.

ಒಂದು ಸಂಜೆ ಮನೆಗೆ ಹಿಂದಿರುಗುವಾಗ ಅವಳು ನನ್ನ ಕೈ ಜಗ್ಗಿ, "ಅಣ್ಣಾ, ಅವರಿಗೂ ಅಮ್ಮ ಇಲ್ಲ ಅಲ್ವಾ?" ಎಂದಳು. ಎಷ್ಟು ಕಂತುಗಳನ್ನು ನೋಡಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಊರನ್ನು ಉಳಿಸಿ ಬಂದ ಮೂವರಿಗೂ ಊಟ ಬಡಿಸಿ, ಹೊದಿಕೆ ಹೊದಿಸಿ, ದೀಪ ಆರಿಸುವವರು ಆ ಪ್ರೊಫೆಸರರೊಬ್ಬರೇ. "ಇಲ್ಲ" ಎಂದೆ. ಅವಳು ಸ್ವಲ್ಪ ದೂರ ನಡೆದು, "ಆ ಕೋತಿಗೂ ಇಲ್ಲ" ಎಂದಳು. ಅದೂ ಸರಿಯೇ. ಮೋಜೊ ಮೊದಲು ಪ್ರೊಫೆಸರರ ಪ್ರಯೋಗಶಾಲೆಯಲ್ಲಿಯೇ ಬೆಳೆದವನು. ಹುಡುಗಿಯರು ಹುಟ್ಟಿದ ಮೇಲೆ ತನ್ನ ಕಡೆಗೆ ನೋಡುವವರಿಲ್ಲದೆ ಕೆಟ್ಟವನಾದವನು. ಆ ರಾತ್ರಿ ತಂಗಿ ಮೂರು ತುತ್ತು ಉಪ್ಪಿಟ್ಟು ತಿಂದು, ನಾಲ್ಕನೆಯದಕ್ಕೆ ಮೋಜೊವಿನ ಧ್ವನಿಯಲ್ಲಿ, ಇದು ಗಂಟು, ಗಂಟೇ ಇದು, ಇದರಲ್ಲಿ ಇರುವುದು ಗಂಟು ಎಂದಳು. ತಂದೆಯವರು ಹಿತ್ತಿಲಿನಿಂದ ಓಡಿಬಂದರು. ಮೂವರೂ ಬಹಳ ಹೊತ್ತು ನಕ್ಕೆವು. ತಂದೆಯವರು ಕಣ್ಣೊರಸಿಕೊಂಡದ್ದನ್ನು ನಾನು ಕಂಡರೂ ಕಾಣದಂತೆ ಇದ್ದೆ.

ಕಳೆದ ದಸರಾ ರಜೆಯಲ್ಲಿ ತಂಗಿ ತನ್ನ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದಳು. ಹಳೆಯ ಕಂತೊಂದನ್ನು ಹುಡುಕಿ ಹಾಕಿದೆ. ಅರ್ಧ ಮುಗಿಯುವಷ್ಟರಲ್ಲಿ ಮಗು, "ಇವರ ಅಮ್ಮ ಎಲ್ಲಿ?" ಎಂದು ಕೇಳಿತು. ನಾನು ತಂಗಿಯ ಮುಖ ನೋಡಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಅಪ್ಪ ಇದಾರಲ್ಲ, ಅಡುಗೆ ಮಾಡ್ತಾರೆ. ಸುಮ್ನೆ ನೋಡು, ಈಗ ಕೋತಿ ಬರ್ತಾನೆ" ಎಂದಳು.